ಪ್ರಕಾಶಕರ ವಿಳಾಸ ಒಂದೇ ಕಡೆ ಇರಲಿ

ನಮಸ್ಕಾರ. ಕುಂಬಳೆ, ಮಂಜೇಶ್ವರ, ಬದಿಯಡ್ಕದ ಮೂರು ವಾಚನಾಲಯಗಳ ಪುಸ್ತಕಪಟ್ಟಿ ಎಕ್ಸ್‌ಎಂಎಲ್‌ನಲ್ಲಿ (ಪ್ರತಿ ಮಾಹಿತಿಯ ಸುತ್ತ ಟ್ಯಾಗ್ ಎಂಬ ಹೆಸರುಪಟ್ಟಿ ಹಾಕಿ ಬರೆಯುವ ಕಡತದ ರೀತಿ) ಮಾಡ್ತಿದ್ದೀರಿ. ಪ್ರಕಾಶಕರ ವಿಳಾಸ ಪ್ರತಿ ಪುಸ್ತಕದೊಳಗೂ ಬೇಕಾ, ಬೇರೆ ಇಡಬೇಕಾ ಅಂತ ಕೇಳಿದ್ದೀರಿ.

ಬೇರೆ ಇಡಿ. ನಮ್ಮೂರಿನ ಪಟ್ಟಿಗೆ ನಾನು ಎಲ್ಲವನ್ನೂ ಒಳಗೇ ಬರೆದಿದ್ದೆ. ಒಂದು ಕಡೆ ‘ಕಾಸರಗೋಡು’, ಇನ್ನೊಂದು ಕಡೆ ಮಲಯಾಳಂ ರೀತಿಯಲ್ಲಿ ‘ಕಾಸರ್ಗೋಡ್’. ಹುಡುಕಿದರೆ ಅರ್ಧ ಪುಸ್ತಕ ಸಿಗುತ್ತಲೇ ಇರಲಿಲ್ಲ.

ಹೀಗೆ ಮಾಡಿ:

<ಪ್ರಕಾಶಕ ಗುರುತು="ಕುಂ-ಪ್ರ1">…</ಪ್ರಕಾಶಕ>
<ಪುಸ್ತಕ ಪ್ರಕಾಶಕ="ಕುಂ-ಪ್ರ1">…</ಪುಸ್ತಕ>

ಟ್ಯಾಗ್ ಹೆಸರು ಕನ್ನಡದಲ್ಲೇ ಇರಬಹುದು, ಎಕ್ಸ್‌ಎಂಎಲ್ ಒಪ್ಪುತ್ತದೆ. ನನಗಂತೂ ಇದು ತುಂಬಾ ಇಷ್ಟ. ಡಿಟಿಡಿಯಲ್ಲಿ (ಕಡತದಲ್ಲಿ ಏನೇನು ಹೇಗಿರಬೇಕು ಎಂಬ ನಿಯಮಪಟ್ಟಿ) ಮೊದಲ ಸಾಲಿನ ‘ಗುರುತು=’ ಅನ್ನು ಐಡಿ (ಒಬ್ಬರಿಗೇ ಸೇರಿದ ಗುರುತು), ಎರಡನೆಯ ಸಾಲಿನ ‘ಪ್ರಕಾಶಕ=’ ಅನ್ನು ಐಡಿರೆಫ್ (ಆ ಐಡಿಯನ್ನು ತೋರಿಸುವ ಸೂಚಕ) ಅಂತ ಘೋಷಿಸಿ. ಆಮೇಲೆ ವ್ಯಾಲಿಡೇಟ್ ಮಾಡಿದರೆ (ಕಡತವನ್ನು ಆ ನಿಯಮಗಳಿಗೆ ತಾಳೆ ನೋಡಿದರೆ), ಇಲ್ಲದ ಪ್ರಕಾಶಕರನ್ನು ತೋರಿಸುವ ಪುಸ್ತಕ ತಕ್ಷಣ ಸಿಕ್ಕಿಬೀಳುತ್ತದೆ. ಲೇಖಕರನ್ನೂ ಹೀಗೇ ಬೇರೆ ಇಟ್ಟು, ಒಂದು ಪುಸ್ತಕಕ್ಕೆ ಇಬ್ಬರು ಲೇಖಕರಿದ್ದರೆ ಐಡಿರೆಫ್ಸ್ (ಹಲವು ಐಡಿಗಳನ್ನು ತೋರಿಸುವ ಸೂಚಕ) ಬಳಸಿ, ಗುರುತುಗಳ ನಡುವೆ ಖಾಲಿ ಜಾಗ ಬಿಟ್ಟರೆ ಸಾಕು.

ಐಡಿ ಅಂಕಿಯಿಂದ ಶುರುವಾಗಬಾರದು, ಬರೀ ‘1’ ನಡೆಯೋದಿಲ್ಲ. ಒಂದು ಕಡತದೊಳಗೆ ಅದೇ ಐಡಿ ಎರಡು ಸಲ ಬರಬಾರದು. ನಿಮ್ಮದು ಮೂರು ವಾಚನಾಲಯ, ಮುಂದೆ ಕಡತಗಳನ್ನು ಸೇರಿಸುವಾಗ ‘ಪ್ರ1’ ಮೂರು ಕಡೆಯಿಂದ ಬಂದು ಡಿಕ್ಕಿ ಹೊಡೆಯುತ್ತದೆ. ಅದಕ್ಕೇ ಐಡಿಯ ಮೊದಲಿಗೆ ಊರಿನ ಮೊದಲಕ್ಷರ ‘ಕುಂ’, ‘ಮಂ’, ‘ಬ’ ಹಾಕಿ. ಐಡಿರೆಫ್ ಬೇರೆ ಕಡತದೊಳಗಿನ ಐಡಿಯನ್ನು ನೋಡುವುದಿಲ್ಲ ಅನ್ನೋದೂ ನೆನಪಿರಲಿ, ಹಾಗಾಗಿ ಪ್ರಕಾಶಕರ ಭಾಗ ಅದೇ ಕಡತದ ಮೇಲ್ಭಾಗದಲ್ಲಿರಲಿ.

ಬೆಲೆಯನ್ನು ಮಾತ್ರ ಹೀಗೆ ಹೊರಗೆ ತೆಗೀಬೇಡಿ. ಕೊಂಡ ದಿನದ ಬೆಲೆ ಆ ಪ್ರತಿಗೇ ಸೇರಿದ್ದು, ಪುಸ್ತಕದೊಳಗೇ ಇರಲಿ.