ನೋಹನಿಗೂ ಮುಂಚೆ ದೋಣಿ ಕಟ್ಟಿದವನ ಹೆಸರು

ಓದುಗರ ಪತ್ರ: "ಕಳೆದ ಸಂಚಿಕೆಯ ಗಿಲ್ಗಮೇಶ್ ಲೇಖನ ಓದಿದೆ. ಬೈಬಲ್ಲಿನ ಜಲಪ್ರಳಯದ ಕಥೆ ಇರಾಕಿನ ಹಳೇ ಕಥೆಯಿಂದ ಬಂದಿದ್ದು ಅಂತ ಬರೆದಿದ್ದೀರಿ. ಪ್ರಳಯದ ಕಥೆ ಯಾವ ದೇಶದಲ್ಲಿಲ್ಲ? ನಮ್ಮ ಮನುವನ್ನೂ ಮೀನು ಬಂದು ಎಚ್ಚರಿಸಲಿಲ್ಲವೇ? ಎಲ್ಲರೂ ನಿಜವಾಗಿ ನಡೆದ ಒಂದೇ ಪ್ರಳಯವನ್ನು ನೆನಪಿಟ್ಟುಕೊಂಡಿರಬಹುದಲ್ಲ? ಒಬ್ಬರ ಪವಿತ್ರ ಗ್ರಂಥವನ್ನು 'ಬೇರೆ ಕಡೆಯಿಂದ ಬಂದಿದ್ದು' ಅಂದರೆ ಅವರ ನಂಬಿಕೆಯನ್ನು ಸಣ್ಣದು ಮಾಡಿದ ಹಾಗಲ್ಲವೇ?" (ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಹಾಸನ)

ಸಂಪಾದಕರ ಉತ್ತರ: ಮೇಷ್ಟ್ರೇ, ಲೇಖನ ಪೂರ್ತಿ ಓದಿ, ಯೋಚನೆ ಮಾಡಿ, ಕೈಯಾರೆ ಬರೆದು ಕಳಿಸಿದ್ದೀರಿ, ಅದಕ್ಕೇ ಮೊದಲು ನಮಸ್ಕಾರ. ನೀವು ಹೇಳಿದ್ರಲ್ಲಿ ನಿಜ ಇದೆ, ನದಿ ಇರೋ ಕಡೆ ಪ್ರವಾಹ ಇರುತ್ತೆ, ಪ್ರವಾಹ ಬಂದ ಕಡೆ ಕಥೆನೂ ಹುಟ್ಟುತ್ತೆ. ಇರಾಕಿನ ಶುರುಪ್ಪಕ್, ಕಿಶ್, ಉರ್ ಊರುಗಳನ್ನ ಅಗೆದಾಗ ಪ್ರವಾಹದ ಮಣ್ಣಿನ ಪದರ ಸಿಕ್ಕಿದ್ದೂ ಹೌದು. 1929ರಲ್ಲಿ ಲಿಯೊನಾರ್ಡ್ ವೂಲಿ ಅನ್ನೋ ಪುರಾತತ್ವಜ್ಞ ಉರ್‌ನಲ್ಲಿ ದಪ್ಪ ಮೆಕ್ಕಲು ಪದರ ನೋಡಿ ಇದೇ ಬೈಬಲ್ಲಿನ ನೋಹನ ಪ್ರಳಯ ಅಂದ್ರು, ಪೇಪರುಗಳಲ್ಲೆಲ್ಲ ಬಂತು. ಆಮೇಲೆ ಗೊತ್ತಾಗಿದ್ದೇನಂದ್ರೆ ಉರ್‌ನ ಪದರದ ಕಾಲನೇ ಬೇರೆ, ಶುರುಪ್ಪಕ್‌ನ ಪದರದ ಕಾಲನೇ ಬೇರೆ. ಟೈಗ್ರಿಸ್ ಯೂಫ್ರೆಟಿಸ್ ಆಗಾಗ ಉಕ್ಕಿ ಊರು ಮುಳುಗಿಸಿವೆ ಅಷ್ಟೇ, ಎಲ್ಲವನ್ನೂ ಒಂದೇ ಸಲ ಮುಳುಗಿಸಿದ ಪ್ರಳಯ ಅಲ್ಲಿ ಸಿಕ್ಕಿಲ್ಲ.

ಇಷ್ಟು ಒಪ್ಪಿಕೊಂಡ ಮೇಲೆ ನನ್ನ ತಕರಾರು ಹೇಳ್ತೀನಿ. ಪ್ರವಾಹ ಎಲ್ಲಾ ಕಡೆ ಇದೆ ನಿಜ, ಆದ್ರೆ ಇದೇ ಕಥೆ ಎಲ್ಲಾ ಕಡೆ ಇಲ್ಲ. ನೀವೇ ತಂದ ಮನುವಿನ ಕಥೆ ತಗೊಳ್ಳಿ. ಶತಪಥ ಬ್ರಾಹ್ಮಣದಲ್ಲಿ ಪುಟ್ಟ ಮೀನು ಬಂದು ನನ್ನನ್ನ ಸಾಕು, ಮುಂದೆ ನಿನ್ನನ್ನ ಉಳಿಸ್ತೀನಿ ಅನ್ನುತ್ತೆ, ಮನು ಅದರ ಕೊಂಬಿಗೆ ದೋಣಿ ಕಟ್ತಾನೆ, ನೀರಿಳಿದ ಮೇಲೆ ತುಪ್ಪ ಮೊಸರು ಅರ್ಪಿಸ್ತಾನೆ. ಅಲ್ಲಿ ಪ್ರಾಣಿಗಳನ್ನ ಜೋಡಿ ಜೋಡಿಯಾಗಿ ತುಂಬಿಸೋದಿಲ್ಲ, ಹಕ್ಕಿ ಹಾರಿಬಿಡೋದಿಲ್ಲ. ಚೀನಾದ ಯು ಮಹಾರಾಜನ ಕಥೆಯಲ್ಲಂತೂ ದೋಣಿನೇ ಇಲ್ಲ, ಅವನು ಕಾಲುವೆ ತೋಡಿ ನೀರು ಹರಿಸ್ತಾನೆ.

ಈಗ ಜೇಡಿಮಣ್ಣಿನ ಫಲಕಗಳ ಮೇಲೆ ಬರೆದ ಇರಾಕಿನ ಹಳೇ ಕಾವ್ಯ ಗಿಲ್ಗಮೇಶ್‌ನ ಹನ್ನೊಂದನೇ ಫಲಕಕ್ಕೆ ಬನ್ನಿ. ಶುರುಪ್ಪಕ್ ಊರಿನ ಉತ್ನಪಿಷ್ಟಿಮ್‌ಗೆ ಒಬ್ಬ ದೇವರು ಗುಟ್ಟಾಗಿ, ಜೊಂಡಿನ ಗೋಡೆಗೆ ಹೇಳೋ ಹಾಗೆ ಹೇಳ್ತಾನೆ, ಮನೆ ಕೆಡವಿ ದೋಣಿ ಕಟ್ಟು ಅಂತ. ಅಳತೆ ಕೊಡ್ತಾನೆ. ದೋಣಿಗೆ ಡಾಂಬರು ಬಳೀತಾರೆ. ಮನೆಮಂದಿ, ಪ್ರಾಣಿ ಎಲ್ಲಾ ಹತ್ತಿದ ಮೇಲೆ ಬಿರುಗಾಳಿ ಮಳೆ, ಕೊನೆಗೆ ದೋಣಿ ಬೆಟ್ಟಕ್ಕೆ ತಗುಲಿ ನಿಲ್ಲುತ್ತೆ. ಅವನು ಪಾರಿವಾಳ ಬಿಡ್ತಾನೆ, ವಾಪಸ್ ಬರುತ್ತೆ. ಅಂಬರಗುಬ್ಬಿ ಬಿಡ್ತಾನೆ, ಅದೂ ವಾಪಸ್ ಬರುತ್ತೆ. ಕಾಗೆ ಬಿಡ್ತಾನೆ, ಅದು ಬರಲ್ಲ. ಹೊರಗೆ ಬಂದು ಬಲಿ ಅರ್ಪಿಸ್ತಾನೆ, ದೇವರುಗಳು ಆ ಸುವಾಸನೆ ಮೂಸಿ ಬರ್ತಾರೆ. ನೋಹನ ಕಥೆ ಇರೋ ಬೈಬಲ್ಲಿನ ಆದಿಕಾಂಡದ 8ನೇ ಅಧ್ಯಾಯ ತೆಗೆದು ಪಕ್ಕದಲ್ಲಿಟ್ಕೊಳ್ಳಿ ಮೇಷ್ಟ್ರೇ. ಕಾಗೆ ಇದೆ, ಪಾರಿವಾಳ ಇದೆ, ಬಲಿ ಇದೆ, ದೇವರು ಸುವಾಸನೆ ಮೂಸೋದೂ ಇದೆ, ಹೆಚ್ಚುಕಡಿಮೆ ಅದೇ ಸಾಲಿನಲ್ಲಿ. ಇಬ್ಬರು ಹುಡುಗರ ಉತ್ತರಪತ್ರಿಕೆಯಲ್ಲಿ ಇಷ್ಟು ಹೊಂದಿಕೆ ಕಂಡಿದ್ರೆ ನೀವು ಇಬ್ಬರೂ ಒಂದೇ ಮಳೆ ನೋಡಿರಬೇಕು ಬಿಡು ಅಂತಿದ್ರಾ?

ಹೇಗೆ ಬಂತು ಅನ್ನೋದಕ್ಕೂ ದಾರಿ ಇದೆ. ಗಿಲ್ಗಮೇಶ್ ಕಾವ್ಯದ ಒಂದು ತುಂಡು ಇಸ್ರೇಲಿನ ಮೆಗಿದ್ದೋದಲ್ಲೇ ಸಿಕ್ಕಿದೆ, ಕ್ರಿಸ್ತಪೂರ್ವ 14ನೇ ಶತಮಾನದ್ದು. ಆಮೇಲೆ ಕ್ರಿ.ಪೂ. 597 ಮತ್ತು 586ರಲ್ಲಿ ಬಾಬಿಲೋನಿನ ದೊರೆ ನೆಬೂಕದ್ನೆಚ್ಚರ ಜೆರೂಸಲೇಮಿನ ಜನರನ್ನ ಬಾಬಿಲೋನಿಗೆ ಹಿಡ್ಕೊಂಡು ಹೋದ, ಅವರು ತಲೆಮಾರುಗಟ್ಟಲೆ ಅಲ್ಲೇ ಬದುಕಿದ್ರು. ಅಕ್ಕಪಕ್ಕದವರ ಕಥೆ ಕಿವಿಗೆ ಬೀಳದೆ ಇರುತ್ತಾ?

ಬರೀ ಪ್ರಳಯ ಅಲ್ಲ. ಬಾಗ್ದಾದ್ ಹತ್ತಿರ ತೆಲ್ ಹರ್ಮಲ್ ಅನ್ನೋ ದಿಬ್ಬವನ್ನ 1945ರಿಂದ ಇರಾಕಿನವರೇ ಆದ ತಾಹಾ ಬಾಕಿರ್ ಅಗೆಸಿದಾಗ ಎಶ್ನುನ್ನ ರಾಜ್ಯದ ಕಾನೂನು ಫಲಕಗಳು ಸಿಕ್ಕವು. ಅದರಲ್ಲೊಂದು ಕಲಮು, ಒಬ್ಬನ ಎತ್ತು ಇನ್ನೊಬ್ಬನ ಎತ್ತನ್ನ ಹಾದು ಕೊಂದ್ರೆ ಬದುಕಿರೋ ಎತ್ತಿನ ಬೆಲೆನೂ ಸತ್ತ ಎತ್ತನ್ನೂ ಇಬ್ಬರು ಯಜಮಾನರು ಹಂಚ್ಕೋಬೇಕು. ಬೈಬಲ್ಲಿನ ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ಇದೇ ತೀರ್ಪು ಇದೆ. ಇದನ್ನ ಓದಿದಾಗ ನನಗೆ ಪ್ರಳಯದ ಕಥೆಗಿಂತ ಹೆಚ್ಚು ರೋಮಾಂಚನ ಆಯ್ತು, ಯಾಕಂದ್ರೆ ಇದು ದೇವರ ವಿಷಯ ಅಲ್ಲ, ಹಟ್ಟಿ ಮುಂದೆ ಜಗಳ ಆಡ್ತಿದ್ದ ರೈತರ ವಿಷಯ.

ನಂಬಿಕೆ ಸಣ್ಣದಾಗುತ್ತೆ ಅಂತೀರಲ್ಲ, ಅಲ್ಲೇ ನೀವು ತಪ್ಪಿದ್ದು. ಮೂಲ ಗೊತ್ತಿದ್ರೇನೇ ಹೀಬ್ರೂ ಬರಹಗಾರರು ಏನು ಮಾಡಿದ್ರು ಅಂತ ಕಾಣೋದು. ಗಿಲ್ಗಮೇಶ್‌ಗಿಂತ ಹಿಂದಿನ ಅತ್ರಹಸಿಸ್ ಅನ್ನೋ ಕಾವ್ಯ ಇದೆ, ದೋಣಿ ಕಟ್ಟಿದವನ ಹೆಸರೇ ಅದಕ್ಕೆ, ಕ್ರಿ.ಪೂ. 17ನೇ ಶತಮಾನದಲ್ಲಿ ಇಪಿಕ್‌ಅಯಾ ಅನ್ನೋ ಲಿಪಿಕಾರ ಮೂರು ಫಲಕದಲ್ಲಿ ನಕಲು ಮಾಡಿ ತನ್ನ ಹೆಸರು ಹಾಕಿದ್ದಾನೆ. ಅದರಲ್ಲಿ ಮೊದಲು ಕಾಲುವೆ ತೋಡೋ ಕೂಲಿ ಕೆಲಸ ದೇವರುಗಳದ್ದೇ. ಸಣ್ಣ ದೇವರುಗಳು ಸುಸ್ತಾಗಿ ಸಲಕರಣೆಗೆ ಬೆಂಕಿ ಇಟ್ಟು ಯಜಮಾನ ಎನ್ಲಿಲ್‌ನ ಬಾಗಿಲಿಗೆ ಮುತ್ತಿಗೆ ಹಾಕ್ತಾರೆ, ಆಗ ಒಬ್ಬ ದೇವರನ್ನ ಕೊಂದು ಅವನ ರಕ್ತಮಾಂಸ ಜೇಡಿಮಣ್ಣಿಗೆ ಕಲಸಿ ಮನುಷ್ಯನನ್ನ ಮಾಡ್ತಾರೆ, ದುಡಿಯೋಕೆ. ಮನುಷ್ಯರು ಹೆಚ್ಚಾಗ್ತಾರೆ, ಗಲಾಟೆಗೆ ಎನ್ಲಿಲ್‌ಗೆ ನಿದ್ದೆ ಬರಲ್ಲ, ಅದಕ್ಕೇ ಪ್ರಳಯ. ಆಮೇಲೆ ನೈವೇದ್ಯ ಇಡೋರೇ ಇಲ್ಲದೆ ದೇವರುಗಳು ಹಸಿವಿನಿಂದ ಅಳ್ತಾರೆ, ಕೊನೆಗೆ ಬಲಿಯ ವಾಸನೆಗೆ ನೊಣಗಳ ಹಾಗೆ ಮುತ್ತುತಾರೆ. ಸಂತಾನ ಮತ್ತೆ ಮಿತಿಮೀರಬಾರದು ಅಂತ ಬಂಜೆತನ, ಶಿಶುಮರಣ ಎಲ್ಲಾ ಆಗಲೇ ನಿಗದಿ ಆಗುತ್ತೆ.

ಆದಿಕಾಂಡ ಬರೆದವರು ಈ ಎಲುಬಿನ ಹಂದರ ಹಾಗೇ ಇಟ್ಕೊಂಡು ಜೀವವನ್ನೇ ಬದಲಾಯಿಸಿದ್ರು. ಪ್ರಳಯಕ್ಕೆ ಕಾರಣ ಗಲಾಟೆ ಅಲ್ಲ, ಲೋಕದಲ್ಲಿ ತುಂಬಿದ ಹಿಂಸೆ. ದೇವರು ಹಸಿದಿಲ್ಲ. ನೀರಿಳಿದ ಮೇಲೆ ನೋಹನಿಗೆ ಸಿಗೋ ಆಶೀರ್ವಾದವೇ ಮಕ್ಕಳುಮರಿ ಪಡೆದು ಹೆಚ್ಚಿರಿ, ಭೂಮಿಯನ್ನ ತುಂಬಿರಿ ಅಂತ, ಅತ್ರಹಸಿಸ್‌ಗೆ ಎದುರು ನಿಂತು ಹೇಳಿದ ಹಾಗೆ. ಬಾಬಿಲೋನಿನ ಕಥೆ ಗೊತ್ತಿಲ್ಲದೆ ಈ ಎದುರುತ್ತರ ನಿಮಗೆ ಕೇಳಿಸೋದೇ ಇಲ್ಲ. ನಮ್ಮ ಪಂಪ ಏನು ಮಾಡಿದ? ವ್ಯಾಸರ ಮಾತಿನ ಕಡಲಲ್ಲಿ ಈಜ್ತೀನಿ, ನಾನೇ ವ್ಯಾಸ ಅನ್ನೋ ಗರ್ವ ನನಗಿಲ್ಲ ಅಂತ ಶುರುವಿನಲ್ಲೇ ಹೇಳಿ, ಆಮೇಲೆ ಅರ್ಜುನನನ್ನ ತನ್ನ ದೊರೆ ಅರಿಕೇಸರಿಯನ್ನಾಗಿ ಮಾಡಿ ಬರೆದ. ಅದರಿಂದ ಪಂಪ ಯಾವ ಕನ್ನಡಿಗನಿಗೆ ಸಣ್ಣವನಾಗಿದ್ದಾನೆ ಹೇಳಿ?

ಇನ್ನೊಂದು ಸಂಗತಿ ನಿಮಗೆ ಖುಷಿ ಕೊಡಬಹುದು. ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಓದಿ 2014ರಲ್ಲಿ ಪ್ರಕಟಿಸಿದ ಒಂದು ಹಳೇ ಫಲಕದಲ್ಲಿ ಅತ್ರಹಸಿಸ್‌ನ ದೋಣಿ ದುಂಡಗಿದೆ, ನಾರಿನ ಹಗ್ಗ ಸುತ್ತಿ ಸುತ್ತಿ ಹೆಣೆದು ಡಾಂಬರು ಬಳಿದ ಭಾರೀ ಹರಿಗೋಲು. ತುಂಗಭದ್ರೆಯಲ್ಲಿ ಹಂಪಿ ಹತ್ತಿರ ಹತ್ತಿದವರಿಗೆ ಅದನ್ನ ವಿವರಿಸೋದೇ ಬೇಡ. ಆ ಅಳತೆ ನೋಡ್ಕೊಂಡು ಒಂದು ಚಿಕ್ಕ ಮಾದರಿ ಕಟ್ಟಿದ್ದೂ ನಮ್ಮ ಪಕ್ಕದ ಕೇರಳದಲ್ಲೇ.

ಮೂಲದ ವಿಷಯ ಬಂದಾಗ ನನ್ನ ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ ಹೊರ್ಮುಜ್ದ್ ರಸ್ಸಾಮ್ ಹತ್ರ. ಗಿಲ್ಗಮೇಶ್‌ನ ಪ್ರಳಯದ ಫಲಕ ಓದಿದ್ದು ಜಾರ್ಜ್ ಸ್ಮಿತ್, ನೋಟಿನ ಅಚ್ಚು ಕೆತ್ತೋ ಕೆಲಸ ಕಲಿತಿದ್ದವರು, ಓದು ಬಿಟ್ಟಿದ್ದು 14ನೇ ವಯಸ್ಸಿಗೆ. 1872ರ ಡಿಸೆಂಬರ್ 3ರಂದು ಅವರು ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟಾಗ ಪ್ರಧಾನಿ ಗ್ಲಾಡ್‌ಸ್ಟನ್ನೇ ಬಂದು ಕೂತಿದ್ರು. ಸ್ಮಿತ್ ದೊಡ್ಡವರೇ, 36ನೇ ವಯಸ್ಸಿಗೆ ಅಲೆಪ್ಪೋ ಕಡೆ ಕಾಯಿಲೆ ಬಿದ್ದು ತೀರ್ಕೊಂಡ್ರು. ಆದ್ರೆ ನಿನೆವೆಯಲ್ಲಿ ಆಳಿದ ಅಸ್ಸೀರಿಯಾದ ದೊರೆ ಅಸ್ಸುರ್‌ಬನಿಪಾಲ್‌ನ ಅರಮನೆ, ಅಲ್ಲಿದ್ದ ಅವನ ಗ್ರಂಥಾಲಯದ ಫಲಕಗಳನ್ನ 1853ರಲ್ಲಿ ನೆಲದಿಂದ ಎತ್ತಿದ್ದು ಯಾರು? ಅದೇ ನಿನೆವೆ ಎದುರಿನ ಮೋಸುಲ್ ಊರಲ್ಲಿ ಹುಟ್ಟಿದ ರಸ್ಸಾಮ್, ಆ ಜಾಗ ಫ್ರೆಂಚರ ಪಾಲಿನದು ಅಂತ ರಾತ್ರಿ ಹೊತ್ತು ಕೂಲಿಯವರನ್ನ ಕರ್ಕೊಂಡು ಹೋಗಿ ಅಗೆಸಿದವರು. ಮುಂದೆ ಮ್ಯೂಸಿಯಮ್ಮಿನ ವಾಲಿಸ್ ಬಡ್ಜ್ ಇವರ ಮೇಲೆನೇ ಕಳ್ಳತನದ ಅನುಮಾನ ಬರೋ ಹಾಗೆ ಮಾತಾಡಿದ್ರು, ರಸ್ಸಾಮ್ ಕೋರ್ಟಿಗೆ ಹೋಗಿ 1893ರಲ್ಲಿ ಗೆದ್ರು, 50 ಪೌಂಡ್ ಪರಿಹಾರ. ಗೆದ್ರೂ ಹೆಸರು ಉಳೀಲಿಲ್ಲ.

ಮೂಲ ಅಳಿಸೋದು ಈಗಲೂ ನಡೀತಾ ಇದೆ. 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ಮ್ಯೂಸಿಯಂ ಲೂಟಿ ಆಗಿ ಸುಮಾರು 15,000 ವಸ್ತು ಹೋದವು. ಬೇರೆ ದಾರಿಯಲ್ಲಿ ಇರಾಕಿನಿಂದ ಹೊರಗೆ ಹೋದ ಒಂದು ಗಿಲ್ಗಮೇಶ್ ಫಲಕವನ್ನ, ಸುಳ್ಳು ಪೂರ್ವಾಪರದ ಕಾಗದ ಜೊತೆಗಿಟ್ಟು, 2014ರಲ್ಲಿ 16 ಲಕ್ಷ ಡಾಲರ್‌ಗೂ ಹೆಚ್ಚಿಗೆ ಮಾರಿದ್ರು, ಕೊಂಡಿದ್ದು ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಮ್ಮಿನಲ್ಲಿ ಇಡೋಕೆ. 2021ರಲ್ಲಿ ಅದು ಇರಾಕಿಗೆ ವಾಪಸ್ ಹೋಯ್ತು.

ನಮ್ಮಲ್ಲೇನು ಕಮ್ಮಿ? ವಾಟ್ಸಾಪಿನಲ್ಲಿ ದಿನಾ ಬೆಳಗ್ಗೆ ಕವಿಯ ಹೆಸರು ಕಿತ್ತು ಕವನ ಹರಿದಾಡುತ್ತೆ. ನಮ್ಮ ಪತ್ರಿಕೆಗೇ ಬೇರೆಯವರ ಕಥೆ ಊರು ಹೆಸರು ಬದಲಾಯಿಸಿ ಬರುತ್ತೆ, ಮೂಲ ಯಾವುದು ಸ್ವಾಮಿ ಅಂತ ಕೇಳಿದ್ರೆ ಅವಮಾನ ಮಾಡಿದ್ರಿ ಅಂತ ಜಗಳಕ್ಕೆ ಬರ್ತಾರೆ. ಶಾಲೆಯಲ್ಲಿ ಮೆಸೊಪೊಟೇಮಿಯಾ ಅಂದ್ರೆ ಎರಡು ನದಿ, ಒಂದು ಲಿಪಿ, ಎರಡು ಮಾರ್ಕಿನ ಪ್ರಶ್ನೆ ಅಷ್ಟೇ. ನೋಹನ ಹೆಸರು ಗೊತ್ತಿಲ್ಲದ ಮಗು ಕಮ್ಮಿ, ಅವನಿಗೂ ಮುಂಚೆ ಇರಾಕಿನ ಕಥೆಗಳಲ್ಲಿ ದೋಣಿ ಕಟ್ಟಿದ ಜಿಯುಸುದ್ರ, ಅತ್ರಹಸಿಸ್ ಅಂದ್ರೆ ಪಾಠ ಮಾಡೋರಿಗೇ ಗೊತ್ತಿರಲ್ಲ, ನಿಮ್ಮಂಥೋರನ್ನ ಬಿಟ್ಟು. ನೀವು ಅಷ್ಟು ವರ್ಷ ಪಾಠ ಮಾಡಿದವರು ಮೇಷ್ಟ್ರೇ, ಮೂಲ ಹೇಳೋದು ಅಗೌರವ ಅಂತ ನೀವೇ ಅಂದ್ರೆ ನಾವು ಯಾರ ಹತ್ರ ಹೋಗೋಣ?

ಅತ್ರಹಸಿಸ್ ಕಥೆಯ ಕನ್ನಡ ಸಾರಾಂಶವನ್ನ ಮುಂದಿನ ಸಂಚಿಕೆಯಲ್ಲಿ ಹಾಕ್ತಿದ್ದೀವಿ. ಅದನ್ನೂ ಆದಿಕಾಂಡದ 6ರಿಂದ 9ನೇ ಅಧ್ಯಾಯವನ್ನೂ ಒಂದೇ ಕೂತಿನಲ್ಲಿ ಓದಿ ಇನ್ನೊಂದು ಪತ್ರ ಬರೀರಿ. ನನ್ನ ಮಾತು ಒಪ್ಪದೆ ಬರೆದ್ರೂ ಸರಿ, ಒಂದಕ್ಷರ ಕತ್ತರಿಸದೆ ಹಾಕ್ತೀವಿ.

(ಸಂ.)