ಕರೆದರೆ ಇಬ್ಬರೂ ಬರುತ್ತಿರಲಿಲ್ಲ

ಆಪ್ತಸಲಹೆಗೆ ನನ್ನ ಬಳಿ ಬಂದ ಒಂದು ಮನೆಯ ಕಥೆ ಇದು. ಹೆಸರು, ವಯಸ್ಸು, ಕೆಲಸ ಎಲ್ಲ ಬದಲಿಸಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹುಡುಗ ಮಾತ್ರ ಒಂದು ಷರತ್ತು ಹಾಕಿದ. "ನನ್ನ ಹೆಸರು ಏನರ ಇಡ್ರಿ ಮೇಡಂ, ಮೋತಿ ಹೆಸರು ಬದಲಿ ಮಾಡಬ್ಯಾಡ್ರಿ. ಈಗೀಗ ಅದು ತನ್ನ ಹೆಸರಿಗೆ ಬರಾಕತ್ತದ."

ಶರಣಪ್ಪ ಅವರದು ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಸಣ್ಣ ದಲ್ಲಾಳಿ ಅಂಗಡಿ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಹೆಂಡತಿ, ಮಗನನ್ನು ಕರೆದುಕೊಂಡು ಬಂದರು. ಮಗ ವಿನು, ಹನ್ನೆರಡು ವರ್ಷ. ಕುರ್ಚಿಯ ತುದಿಯಲ್ಲಿ ಕೂತು ನನ್ನ ಮೇಜಿನ ಕಾಲು ನೋಡುತ್ತಿದ್ದ. "ಇವಗ ಸ್ವಲ್ಪ ಬುದ್ಧಿ ಹೇಳ್ರಿ ಮೇಡಂ. ಎರಡು ದಿನ ಆತು, ಉಣ್ಣಾಕ ಒಲ್ಲ. ಒಂದು ನಾಯಿ ಸಲುವಾಗಿ!" ಅಂದರು ಅಪ್ಪ.

ಗಂಜ್‌ನಲ್ಲಿ ಲಾರಿ ಕೆಳಗೆ ಸಿಕ್ಕ ಎರಡು ತಿಂಗಳ ನಾಯಿಮರಿ ಮೋತಿಯನ್ನು ವಿನು ಮನೆಗೆ ತಂದಿದ್ದ. ಈಗ ಅದಕ್ಕೆ ಐದು ತಿಂಗಳು. ನಾಲ್ಕು ಜೊತೆ ಚಪ್ಪಲಿ, ಒಂದು ಸ್ಕೂಲ್ ಬ್ಯಾಗು ಹಾಳು ಮಾಡಿತ್ತು. ಎರಡು ದಿನದ ಹಿಂದೆ ಚಪ್ಪಲಿ ಕಿತ್ತುಕೊಳ್ಳಲು ಹೋದ ಶರಣಪ್ಪ ಅವರ ಕೈಗೆ ಹಲ್ಲು ಹಾಕಿತು. ಎಲ್ಲಿಂದ ಬಂತೋ ಅಲ್ಲೇ ಬಿಟ್ಟು ಬರ್ತೀನಿ ಅಂದರು ಅವರು. ಹುಡುಗ ಕೋಣೆ ಬಾಗಿಲು ಹಾಕಿಕೊಂಡ.

ನಾನು ಮೊದಲು ಕೇಳಿದ್ದು ಹುಡುಗನ ವಿಷಯ ಅಲ್ಲ, ಕೈಯ ವಿಷಯ. ತೋರುಬೆರಳ ಮೇಲೆ ಎರಡು ಚುಕ್ಕೆ ಗಾಯ. ಹಚ್ಚಿದ್ದು ಖಾರಪುಡಿ. ಇಂಜೆಕ್ಷನ್ ತಗೊಂಡ್ರಾ ಅಂದರೆ "ಮರಿ ಅಲ್ರಿ, ಏನಾಗ್ತದ" ಅಂದರು. ಇಲ್ಲಿ ಮಾತ್ರ ನಾನು ಆಪ್ತಸಲಹೆಗಾರ್ತಿಯ ಮೆತ್ತನೆ ದನಿ ಬಿಟ್ಟೆ. ಮರಿಯೇ ಕಚ್ಚಲಿ, ಸಾಕಿದ್ದೇ ಕಚ್ಚಲಿ, ಚರ್ಮ ತರಚಿದರೆ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಖಾರ, ಸುಣ್ಣ, ಅರಿಶಿನ ಏನೂ ಹಚ್ಚಬಾರದು. ಅವತ್ತೇ ರೇಬಿಸ್ ಚುಚ್ಚುಮದ್ದು ಶುರು ಮಾಡಬೇಕು. ತಡವಾಯ್ತು ಅಂತ ಸುಮ್ಮನಿರೋದೂ ತಪ್ಪು. ಆ ರೋಗ ಒಮ್ಮೆ ಕಾಣಿಸಿಕೊಂಡರೆ ಉಳಿಯೋದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಮಾತು ನಿಲ್ಲಿಸಿ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಮೋತಿಗೂ ಲಸಿಕೆ ಆಗಿರಲಿಲ್ಲ. ಮೂರು ತಿಂಗಳಿಗೇ ಹಾಕಿಸಬೇಕಿತ್ತು.

ಮುಂದಿನ ವಾರ ಹುಡುಗ ಒಬ್ಬನೇ ಒಳಗೆ ಬಂದ. ಇಪ್ಪತ್ತು ನಿಮಿಷದಲ್ಲಿ ಹೇಳಿದ್ದು ಎರಡೇ ಮಾತು. "ಅದಕ್ಕ ಏನೂ ಗೊತ್ತಾಗಲ್ರಿ." ಸ್ವಲ್ಪ ಬಿಟ್ಟು, "ಎಲ್ಲಾರೂ ಬೈತಾರ." ಬೈಯೋದು ಯಾರನ್ನ ಅಂತ ನಾನು ಕೇಳಲಿಲ್ಲ.

ತಾಯಿಗೆ ಒಂದು ಹಾಳೆ ಬರೆದುಕೊಟ್ಟೆ. ನಾಯಿಗೆ ಹೇಗೆ ಕಲಿಸಬೇಕು, ಹುಡುಗನ ಜೊತೆ ಹೇಗೆ ಮಾತಾಡಬೇಕು, ಒಟ್ಟು ಹನ್ನೊಂದು ಅಂಶ. ವಾರದ ನಂತರ ಕೇಳಿದರೆ ಹಾಳೆ ಫ್ರಿಜ್ ಮೇಲೆ ಭದ್ರವಾಗಿತ್ತು, ಒಂದೂ ಆಗಿರಲಿಲ್ಲ. ತಪ್ಪು ನನ್ನದೇ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯುವ ಹೆಂಗಸಿಗೆ ಹನ್ನೊಂದು ಅಂಶ ಯಾರಾದರೂ ಕೊಡ್ತಾರಾ?

ಆಮೇಲೆ ಅವರ ಮನೆಗೇ ಹೋದೆ. ಹೀಗೆ ಹೋಗೋದು ಕಡಿಮೆ. ಸಂಜೆ ಆರಾದರೂ ನೆಲದ ಪರ್ಸಿ ಕಲ್ಲು ಇನ್ನೂ ಬಿಸಿ ಇತ್ತು. ಅಜ್ಜಿಯ ಪಕ್ಕ ಕಟ್ಟೆ ಮೇಲೆ ಕೂತು ಸುಮ್ನೆ ಎಣಿಸಿದೆ. ಅರ್ಧ ಗಂಟೆಯಲ್ಲಿ "ಮೋತಿ" ಅಂತ ಒಂಬತ್ತು ಸಲ, "ವಿನು" ಅಂತ ಹನ್ನೊಂದು ಸಲ ಕೂಗಿದರು. ಮೋತಿ, ಬಿಡು. ಮೋತಿ, ಬಾ, ಕಟ್ಟಬೇಕು. ವಿನು, ಮೊಬೈಲ್ ಇಡು. ವಿನು, ಬಾ, ಪುಸ್ತಕ ತಗಿ. ಆ ಇಪ್ಪತ್ತರಲ್ಲಿ ಒಂದು ಸಲವೂ ಬಂದವರಿಗೆ ಒಳ್ಳೆಯದಾಗಲಿಲ್ಲ. ನಾಯಿ ಸೋಫಾ ಕೆಳಗೆ ನುಸುಳಿತು, ಹುಡುಗ ಕೋಣೆಗೆ. ಇಬ್ಬರದೂ ಬುದ್ಧಿವಂತಿಕೆಯೇ. ಕರೆದಾಗಲೆಲ್ಲ ಆಟ ಮುಗಿಯುತ್ತೆ ಅಂದರೆ ಯಾರು ಬರ್ತಾರೆ?

ಎಣಿಕೆಯ ಚೀಟಿಯನ್ನು ಶರಣಪ್ಪ ಅವರಿಗೆ ಕೊಟ್ಟೆ. ವ್ಯಾಪಾರಸ್ಥರು, ಲೆಕ್ಕ ಬೇಗ ತಿಳಿಯುತ್ತೆ. ಎರಡು ಸಲ ಓದಿ, ಮಡಚಿ, ಅಂಗಿ ಜೇಬಿಗೆ ಇಟ್ಟುಕೊಂಡರು. ಏನೂ ಅನ್ನಲಿಲ್ಲ.

ಈ ಸಲ ಒಂದೇ ಆಟ ಹೇಳಿದೆ. ಜೋಳದ ರೊಟ್ಟಿಯನ್ನು ಶೇಂಗಾ ಬೀಜದಷ್ಟು ಚೂರು ಮಾಡಿ ಬಟ್ಟಲಲ್ಲಿ ಇಡಿ. ನಾಯಿಯನ್ನು ಹತ್ತಿರದಿಂದಲೇ ಖುಷಿಯಾಗಿ ಕರೆಯಿರಿ. ಬಂದ ಕೂಡಲೇ, ಅಂದರೆ ಒಂದೆರಡು ಸೆಕೆಂಡಿನೊಳಗೆ, ಒಂದು ಚೂರು ಕೊಡಿ. ತಡ ಮಾಡಿದರೆ ಯಾವುದಕ್ಕೆ ಸಿಕ್ಕಿತು ಅಂತ ಅದಕ್ಕೆ ತಿಳಿಯಲ್ಲ. ಕೊಟ್ಟು ಹಿಡಿಯಬೇಡಿ, ಬಿಟ್ಟುಬಿಡಿ, ಮತ್ತೆ ಹೋಗಿ ಆಡಲಿ. ಮೂರು ನಿಮಿಷ ಸಾಕು. ಅದಕ್ಕೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಿ. ಸ್ನಾನಕ್ಕೆ, ಔಷಧಿಗೆ, ಕಟ್ಟೋದಕ್ಕೆ ಮಾತ್ರ ಹೆಸರು ಹಿಡಿದು ಕರೆಯಬೇಡಿ. ನೀವೇ ಹೋಗಿ ಎತ್ತಿಕೊಂಡು ಬನ್ನಿ.

ಇಲ್ಲೊಂದು ತಮಾಷೆ ಹೊರಬಿತ್ತು. ಅಪ್ಪ ಕರೆಯೋದು "ಕಮ್", ಅಮ್ಮ "ಬಾರಲೇ", ಅಜ್ಜಿ "ಬಾ ನನ್ನಪ್ಪ", ಹುಡುಗ ಬರೀ ಸಿಳ್ಳೆ. ಪಾಪ, ಆ ಮರಿ ಎಷ್ಟು ಭಾಷೆ ಕಲಿಯಬೇಕು! "ಮೋತಿ, ಬಾ" ಅಂತ ಒಂದಕ್ಕೇ ಎಲ್ಲರೂ ಒಪ್ಪಿದರು. ಅಜ್ಜಿ ಬಿಟ್ಟು.

ಅಪ್ಪನಿಗೆ ಇನ್ನೊಂದು ಕೆಲಸ ಕೊಟ್ಟೆ. ದಿನಕ್ಕೆ ಮೂರು ಸಲ ಮಗನ ಹೆಸರು ಕರೆಯಬೇಕು, ಹಿಂದೆ ಕೆಲಸ ಹೇಳಬಾರದು, ಓದು ಅನ್ನಬಾರದು. "ಮತ್ತ ಏನ್ ಅನ್ಲಿ?" ಅಂತ ಕೇಳಿದರು. ನಿಜವಾಗಿಯೂ ಗೊತ್ತಿರಲಿಲ್ಲ ಅವರಿಗೆ.

ಚಪ್ಪಲಿ ಕಚ್ಚೋದು ಸೊಕ್ಕಿನಿಂದಲ್ಲ ಅಂತ ನಂಬಿಸಲು ಸ್ವಲ್ಪ ಕಷ್ಟವಾಯಿತು. ಮರಿಗೆ 28 ಹಾಲುಹಲ್ಲು. ನಾಲ್ಕನೇ ತಿಂಗಳ ಹೊತ್ತಿಗೆ ಬೀಳಲು ಶುರುವಾಗಿ, ಆರೇಳು ತಿಂಗಳಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ಆ ಹೊತ್ತಲ್ಲಿ ಒಸಡು ನವೆ, ನೋವು. ಕಚ್ಚಲು ಏನಾದರೂ ಬೇಕೇ ಬೇಕು. ಅಜ್ಜಿ ಹಳೇ ಕೌದಿಯಿಂದ ಮೂರು ಪಟ್ಟಿ ಹರಿದು, ಜಡೆ ಹೆಣೆದಂತೆ ಹೆಣೆದು ಕೊಟ್ಟರು. ಅಂಗಡಿಯ ಯಾವ ಆಟಿಕೆಗೂ ಅದು ಕಡಿಮೆ ಇರಲಿಲ್ಲ. ಒಂದೇ ಎಚ್ಚರ, ದಾರ ಕಿತ್ತುಬಂದರೆ ಎಸೆಯಬೇಕು. ದಾರ ಹೊಟ್ಟೆಗೆ ಹೋದರೆ ಕರುಳಿಗೆ ಸಿಕ್ಕಿಹಾಕಿಕೊಳ್ಳುತ್ತೆ.

ಆ ಜಡೆ ಹಿಡಿದು ಎಳೆದಾಟ. ನಾಯಿಗೆ ಸೋತರೆ ಅದು ತಲೆ ಮೇಲೆ ಕೂರುತ್ತೆ ಅನ್ನೋದು ಸುಳ್ಳು. ಆಗಾಗ ಗೆಲ್ಲಲು ಬಿಡಿ, ಅದೇ ತಂದು ಮತ್ತೆ ನಿಮ್ಮ ಕೈಗೆ ತುರುಕುತ್ತೆ. ನಡುನಡುವೆ "ಬಿಡು" ಅಂದು ಮೂಗಿನ ಹತ್ತಿರ ರೊಟ್ಟಿ ಚೂರು ಹಿಡಿಯಿರಿ. ಬಾಯಿ ತೆರೆದರೆ ಚೂರೂ ಸಿಗುತ್ತೆ, ಜಡೆಯೂ ವಾಪಸ್ ಸಿಗುತ್ತೆ. ಬಿಟ್ಟರೆ ನಷ್ಟವಿಲ್ಲ ಅಂತ ಗೊತ್ತಾದ ನಾಯಿ ಚಪ್ಪಲಿಯನ್ನೂ ಬಿಡುತ್ತೆ. ಹಲ್ಲು ಚರ್ಮಕ್ಕೆ ತಗುಲಿದರೆ ಕೈ ಕೊಡವಬೇಡಿ, ಹೊಡೆಯಬೇಡಿ. ಹತ್ತು ಎಣಿಸುವಷ್ಟು ಹೊತ್ತು ಕಲ್ಲಿನಂತೆ ನಿಂತು ಮತ್ತೆ ಆಡಿ. ಹೊಡೆಯುವ ಕೈ ಕಂಡರೆ ಅದಕ್ಕೆ ಹೆದರಿಕೆ, ಹೆದರಿದ ನಾಯಿ ಇನ್ನೂ ಬೇಗ ಕಚ್ಚುತ್ತೆ.

ಮೊದಲು ಎಳೆಯೋದು ಅಪ್ಪ ಅಂತ ನಾನೇ ಹೇಳಿದ್ದೆ. ಮೆತ್ತಗೆ ಎಳೆಯಿರಿ ಅಂತ ಹೇಳಲು ಮರೆತೆ. ಗಂಜ್‌ನಲ್ಲಿ ಚೀಲ ಎತ್ತಿದ ಕೈ. ಒಂದು ಸಲ ಜಗ್ಗಿದ್ದಕ್ಕೆ ಮೋತಿ ಕುಂಯ್ ಅಂದಿತು, ಕೌದಿಯ ಮೇಲೆ ರಕ್ತ. ಮನೆಯೆಲ್ಲ ಗಾಬರಿ. ನೋಡಿದರೆ ಬಟ್ಟೆಯಲ್ಲಿ ಅಕ್ಕಿಕಾಳಿನಂಥ ಹಲ್ಲೊಂದು ಸಿಕ್ಕಿಕೊಂಡಿದೆ. ಅಲುಗಾಡುತ್ತಿದ್ದ ಹಾಲುಹಲ್ಲು, ಹೇಗೂ ಬೀಳೋದೇ ಇತ್ತು. ಶರಣಪ್ಪ ಮಾತ್ರ ಮುಖ ಬಾಡಿಸಿ ನಿಂತುಬಿಟ್ಟರು. ವಿನು ಹಲ್ಲು ತೊಳೆದು ಅಂಗೈ ಮೇಲಿಟ್ಟು, "ಅವ್ವಾ, ಸೆಗಣಿ ಕೊಡು, ಮಾಳಗಿ ಮ್ಯಾಲ ಒಗಿಬೇಕು" ಅಂದ. "ಮನಷ್ಯಾರ ಹಲ್ಲು ಒಗಿತಾರೋ ತಮ್ಮ, ನಾಯಿದಲ್ಲ" ಅಂತ ಅಜ್ಜಿ ನಕ್ಕರು, ನಗುತ್ತಲೇ ಪಕ್ಕದ ಮನೆಯಿಂದ ಸೆಗಣಿ ತಂದರು. ಎಸೆದದ್ದು ಅಪ್ಪ. ಹುಡುಗನ ಕೈಗೆ ಅಷ್ಟು ಎತ್ತರ ಎಟಕಲಿಲ್ಲವಂತೆ.

ಇದನ್ನು ನನಗೆ ಹೇಳಿದ್ದು ವಿನು. ಒಂದೇ ಉಸಿರಿಗೆ, ಕೈ ಮಾಡಿ ತೋರಿಸುತ್ತಾ.

ರಾಯಚೂರಿನಂಥ ಊರಲ್ಲಿ ಬೇಸಿಗೆಯಲ್ಲಿ ಓಡಾಟದ ಆಟ ಬೆಳಿಗ್ಗೆ ಏಳರೊಳಗೆ, ಇಲ್ಲವೇ ಕತ್ತಲಾದ ಮೇಲೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ನಾಲಿಗೆ ಚಾಚಿ ತೇಕಿಯೇ ತಣ್ಣಗಾಗಬೇಕು. ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಎಣಿಸಲು ಆಗದಿದ್ದರೆ ಅದರ ಪಾದಕ್ಕೂ ಅದು ಸುಡುನೆಲ. ಮಧ್ಯಾಹ್ನಕ್ಕೆ ಮನೆಯೊಳಗೆ ಮೂಸುವ ಆಟ ಇಟ್ಟುಕೊಂಡರು. ಕೌದಿ ಮಡಿಕೆಯಲ್ಲಿ, ಬೋರಲು ಹಾಕಿದ ಬುಟ್ಟಿ ಕೆಳಗೆ ರೊಟ್ಟಿ ಚೂರು, ಬೇಯಿಸಿದ ಗಜ್ಜರಿ ಬಚ್ಚಿಟ್ಟು "ಹುಡುಕು" ಅನ್ನೋದು. ಹತ್ತು ನಿಮಿಷ ಮೂಸಿದರೆ ಮರಿ ಸುಸ್ತಾಗಿ ಮಲಗುತ್ತೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣದ್ರಾಕ್ಷಿ, ಚಾಕಲೇಟ್ ನಾಯಿಗೆ ವಿಷ. ಹಾಗಾಗಿ ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿ ಸವರಿದ ರೊಟ್ಟಿ ಬೇಡ. ಇದು ಅಜ್ಜಿಗೆ ಬೇಸರದ ಸುದ್ದಿ.

ಆಟದಿಂದ ಎಲ್ಲವೂ ಸರಿಹೋಗಲ್ಲ. ತಟ್ಟೆ ಹತ್ತಿರ ಹೋದರೆ ಗುರ್ ಅನ್ನುವ, ಮೈ ಬಿಗಿ ಮಾಡಿ ದಿಟ್ಟಿಸುವ ನಾಯಿಯಾದರೆ ಮಕ್ಕಳನ್ನು ದೂರ ಇಟ್ಟು ಪಶುವೈದ್ಯರಿಗೆ ತೋರಿಸಿ. ಮೋತಿಯದು ಹಾಗಿರಲಿಲ್ಲ. ಮುಂಗಾಲು ಚಾಚಿ, ಹಿಂಭಾಗ ಎತ್ತಿ, ಬಾಲ ಆಡಿಸಿ ಕರೆಯುತ್ತಿತ್ತು. ಅದು ಆಟಕ್ಕೆ ಕೊಡುವ ಆಹ್ವಾನ. ಮನೆಯವರು ಅದನ್ನೇ ಮೈಮೇಲೆ ಎಗರಲು ಬರುತ್ತಿದೆ ಅಂದುಕೊಂಡಿದ್ದರು.

ಆರು ಸಲ ಬಂದು ಹೋದರು. ಕೊನೆಯ ಸಲ ಮೋತಿಗೆ ಏಳು ತಿಂಗಳು, ಲಸಿಕೆ ಆಗಿತ್ತು. ಇನ್ನೊಂದು ಜೊತೆ ಚಪ್ಪಲಿ ಹೋಗಿತ್ತು, ನನ್ನದೇ. ವಿನು ಮೊಬೈಲ್ ಬಿಟ್ಟಿಲ್ಲ. ನಾಯಿಯ ವಿಡಿಯೋ ತೆಗೀತಾನೆ. ಗಣಿತ ಹಾಗೇ ಇದೆ. ಹೊರಡುವಾಗ ಶರಣಪ್ಪ ಬಾಗಿಲಲ್ಲಿ ನಿಂತು "ವಿನು" ಅಂದರು. ಹುಡುಗ ತಿರುಗಿ ಬಂದ.

"ಏನಪ್ಪಾ?"

"ಏನಿಲ್ಲೋ. ಹಂಗ ಕರದೆ."

"ಮತ್ತ ನನ್ನ ರೊಟ್ಟಿ ಚೂರು ಎಲ್ಲೈತಿ?" ಅಂದ ಅವನು, ಕೈ ಚಾಚಿ.