ಬ್ರೇಕ್ ಹಾಕಿದರೆ ಸ್ಟೇರಿಂಗ್ ನಡುಗುತ್ತದೆ, ಯಾವ ಬುಷ್ ಹಾಕಲಿ?

ಪ್ರಶ್ನೆ: ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ತಿರ. 2003ರ ಬಿಎಂಡಬ್ಲ್ಯು 330ಐ (ಇ46 ಅನ್ನುವ ಮಾದರಿ) ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೇನೆ. ಗಂಟೆಗೆ 60 ಮೈಲಿ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ. ಒಂದು ಗ್ಯಾರೇಜಿನಲ್ಲಿ ಡಿಸ್ಕ್ ಬೆಂಡ್ ಆಗಿದೆ ಅಂತ ಮುಂದಿನ ಎರಡೂ ಡಿಸ್ಕ್ ಬದಲಿಸಿದರು. ಸ್ವಲ್ಪ ದಿನ ಸರಿ ಇತ್ತು, ಆಮೇಲೆ ಮತ್ತೆ ಶುರು. ಈಗ ಇನ್ನೊಬ್ಬರು ಕಂಟ್ರೋಲ್ ಆರ್ಮ್ ಬುಷ್ ಹೋಗಿದೆ ಅನ್ನುತ್ತಾರೆ. ವರ್ಷಕ್ಕೊಂದೆರಡು ಸಲ ವಾಟರ್‌ಫೋರ್ಡ್ ಹಿಲ್ಸ್ ಟ್ರ್ಯಾಕಿಗೆ ಹೋಗುವ ಆಸೆ ಇದೆ. ರಬ್ಬರ್ ಹಾಕಲಾ, ಪಾಲಿಯುರೆಥೇನ್ ಹಾಕಲಾ? ಮನೆಯಲ್ಲೇ ಮಾಡಬಹುದಾ?

ಉತ್ತರ: ಎರಡನೆಯವರು ಹೇಳಿದ್ದೇ ಸರಿ ಇರಬೇಕು. ನಿಮ್ಮ ಕಾರಿನ ಮುಂದಿನ ಕಂಟ್ರೋಲ್ ಆರ್ಮ್, ಅಂದರೆ ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳು, ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿದೆ. ಅದು ಮೂರು ಕಡೆ ಕೂರುತ್ತದೆ. ಹೊರಗಡೆ ಒಂದು ಬಾಲ್ ಜಾಯಿಂಟ್ (ಗುಂಡಿನ ಮೇಲೆ ತಿರುಗುವ ಕೀಲು), ಒಳಗಡೆ ಸಬ್‌ಫ್ರೇಮಿಗೆ, ಅಂದರೆ ಕಾರಿನ ಕೆಳಗಿನ ಚೌಕಟ್ಟಿಗೆ, ಇನ್ನೊಂದು ಬಾಲ್ ಜಾಯಿಂಟ್, ಹಿಂದಿನ ತುದಿಗೆ ಒಂದು ಬುಷ್, ಅಂದರೆ ಅಲುಗಾಟ ತಡೆಯುವ ರಬ್ಬರಿನ ಬಳೆ. ಬುಷ್ ಕೂರುವ ಬ್ರಾಕೆಟ್ಟಿಗೆ ಎಲ್ಲರೂ ಲಾಲಿಪಾಪ್ ಅಂತಲೇ ಹೇಳುತ್ತಾರೆ, ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅಂದರೆ ಆ ಆರ್ಮಿನಲ್ಲಿ ರಬ್ಬರ್ ಇರುವುದು ಇದೊಂದೇ ಜಾಗದಲ್ಲಿ. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ತಳ್ಳುತ್ತದಲ್ಲ, ಆ ತಳ್ಳುವಿಕೆಯನ್ನು ತಡೆಯುವುದು ಈ ಬುಷ್. ಅದು ಸಡಿಲವಾದರೆ ಚಕ್ರ ಹಿಂದೆ ಮುಂದೆ ಆಡುತ್ತದೆ. ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡುವ ಕೋನ, ಬದಲಾಗುತ್ತಾ ಹೋಗಿ ಸ್ಟೇರಿಂಗ್ ನಡುಗುತ್ತದೆ.

ಹಾಗಾದರೆ ಹೊಸ ಡಿಸ್ಕ್ ಹಾಕಿದಾಗ ಯಾಕೆ ಸರಿಹೋಯಿತು? ಯಾವ ಡಿಸ್ಕಿನಲ್ಲೂ ಓಡುತ್ತಾ ಓಡುತ್ತಾ ದಪ್ಪದಲ್ಲಿ ಚೂರು ಏರುಪೇರು ಬರುತ್ತದೆ. ಬುಷ್ ಗಟ್ಟಿ ಇದ್ದರೆ ಅದು ಕೈಗೆ ಗೊತ್ತೇ ಆಗುವುದಿಲ್ಲ. ಬುಷ್ ಹೋಗಿದ್ದರೆ ಆ ಚಿಕ್ಕ ಏರುಪೇರೇ ದೊಡ್ಡ ನಡುಕವಾಗುತ್ತದೆ. ಡಿಸ್ಕ್ ಹೊಸದಿರುವಷ್ಟು ದಿನ ನಿಮಗೆ ನೆಮ್ಮದಿ, ಅಷ್ಟೆ. ಇ46 ಇಟ್ಟುಕೊಂಡ ಬಹಳಷ್ಟು ಜನ ಸುಮ್ನೆ ಡಿಸ್ಕಿಗೆ ದುಡ್ಡು ಸುರಿದಿರುತ್ತಾರೆ.

ಖಚಿತ ಮಾಡಿಕೊಳ್ಳುವುದು ಕಷ್ಟವಲ್ಲ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆರ್ಮ್ ಮತ್ತು ಲಾಲಿಪಾಪ್ ನಡುವೆ ಸಬ್ಬಲ್ಲಿನಂಥ ಉದ್ದ ರಾಡ್ ಇಟ್ಟು ಮೀಟಿ ನೋಡಿ. ರಬ್ಬರ್ ಸೀಳಿದ್ದರೆ ಕಣ್ಣಿಗೆ ಕಾಣುತ್ತದೆ. ಇ46ಗೆ ಬರುವ ಬುಷ್‌ನಲ್ಲಿ ಒಳಗೆ ದ್ರವ ತುಂಬಿದ ಬಗೆಯದೂ ಇದೆ. ಅದು ಒಡೆದರೆ ಬ್ರಾಕೆಟ್ ಸುತ್ತ ಎಣ್ಣೆ ಹರಿದ ಹಾಗೆ ಕಲೆ ಇರುತ್ತದೆ. ಜೊತೆಗೇ ಎರಡೂ ಬಾಲ್ ಜಾಯಿಂಟ್ ಅಲ್ಲಾಡಿಸಿ ನೋಡಿ. ಅವೂ ಲೂಸ್ ಆಗಿದ್ದರೆ ಬರೀ ಬುಷ್ ಹಾಕಿ ಪ್ರಯೋಜನವಿಲ್ಲ, ಪೂರ್ತಿ ಆರ್ಮ್ ಬದಲಿಸಿ.

ಈಗ ಆಯ್ಕೆ. ಕಾರ್ ಜೋರಾಗಿ ಓಡಿಸುವವರು ಬುಷ್ ಬಿರುಸಾಗಿದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಿಮ್ಮ ಮಿಷಿಗನ್ ರಸ್ತೆಯನ್ನು ನೋಡಿ ಹೇಳುವುದಾದರೆ, ಗಟ್ಟಿ ರಬ್ಬರ್ ಬುಷ್ ಹಾಕಿ. ಇಲ್ಲಿ ಗಟ್ಟಿ ಅಂದರೆ ಒಳಗೆ ದ್ರವವಿಲ್ಲದ, ಪೂರ್ತಿ ರಬ್ಬರೇ ತುಂಬಿರುವ ಬಗೆ. ಬಿಎಂಡಬ್ಲ್ಯುನವರದೇ ಜೆಡ್4 ಎಂ ಕಾರಿನ ಬುಷ್ ಇಂಥದ್ದು, ಅದನ್ನು ಇ46ಗೆ ಹಾಕುವುದು ಹಳೆಯ ರೂಢಿ. ಮೈಲೆ ಕಂಪನಿಯ ಎಚ್‌ಡಿ ಬುಷ್ ಕೂಡ ಇದೇ ಬಗೆ. ನಡುಕ ನಿಲ್ಲುತ್ತದೆ, ಸ್ಟೇರಿಂಗ್ ಚುರುಕಾಗುತ್ತದೆ, ಚಳಿಗಾಲ ಮುಗಿದ ಮೇಲೆ ಏಳುವ ಗುಂಡಿಗಳ ಪೆಟ್ಟು ನೇರ ಕೈಗೆ ಬಡಿಯುವುದಿಲ್ಲ.

ಪಾಲಿಯುರೆಥೇನ್ (ರಬ್ಬರಿಗಿಂತ ಬಿರುಸಾದ ಪ್ಲಾಸ್ಟಿಕ್, ಚಿಕ್ಕದಾಗಿ ಪಾಲಿ) ಕೆಟ್ಟದ್ದು ಅಂತಲ್ಲ. ಪವರ್‌ಫ್ಲೆಕ್ಸ್ ಕಂಪನಿಯ ಪಾಲಿ ಬುಷ್‌ನಲ್ಲಿ ನೇರಳೆ ಬಣ್ಣದ್ದು ರಸ್ತೆಗೆ, ಕಪ್ಪು ರೇಸಿಗೆ. ಬ್ರೇಕ್ ಹಾಕಿದಾಗ ಆರ್ಮ್ ಇನ್ನೂ ಕಡಿಮೆ ಅಲುಗುತ್ತದೆ. ಆದರೆ ರಬ್ಬರ್ ಎಲ್ಲ ದಿಕ್ಕಿಗೂ ತಿರುಚಿಕೊಳ್ಳುವಷ್ಟು ಪಾಲಿ ತಿರುಚಿಕೊಳ್ಳುವುದಿಲ್ಲ. ಗ್ರೀಸ್ ಒಣಗಿದರೆ ಕಿರಗುಟ್ಟುತ್ತದೆ. ನಿಮ್ಮಲ್ಲಿ ರಸ್ತೆಗೆ ಸುರಿಯುವ ಉಪ್ಪು ಬೇರೆ. ತಿಂಗಳಿಗೊಂದು ಟ್ರ್ಯಾಕ್ ದಿನ ಇದ್ದರೆ ನೇರಳೆ ಬುಷ್ ಪರವಾಗಿ ನಾನೂ ಮಾತಾಡುತ್ತಿದ್ದೆ. ವರ್ಷಕ್ಕೊಂದೆರಡು ಸಲಕ್ಕೆ ಬೇಡ. ಲೋಹದ ಗೋಳದ ಬೇರಿಂಗ್ ಇರುವುದನ್ನಂತೂ ಮುಟ್ಟಬೇಡಿ, ಅದು ರೇಸ್ ಕಾರಿನ ಸಾಮಾನು.

ತರಿಸುವ ಮೊದಲು ಅಳತೆ ನೋಡಿ. ಇ46ಗೆ 60 ಎಂಎಂ ಮತ್ತು 66 ಎಂಎಂ ಎರಡು ವ್ಯಾಸದ ಬುಷ್ ಇವೆ. ಒಂದರ ಲಾಲಿಪಾಪ್‌ಗೆ ಇನ್ನೊಂದು ಕೂರುವುದಿಲ್ಲ. ಮನೆಯಲ್ಲಿ ಬುಷ್ ಒತ್ತಿ ಕೂರಿಸುವ ಪ್ರೆಸ್ ಯಂತ್ರ ಇಲ್ಲ ಅಲ್ವಾ? ಹಾಗಿದ್ದರೆ ಬುಷ್ ಒತ್ತಿ ಕೂರಿಸಿದ ಲಾಲಿಪಾಪ್ ಜೋಡಿಯನ್ನೇ ಕೊಳ್ಳಿ, ಸ್ವಲ್ಪ ಜಾಸ್ತಿ ದುಡ್ಡಾದರೂ ತಲೆನೋವಿಲ್ಲ. ಬುಷ್ ಮಾತ್ರ ತಂದು ಒತ್ತಿಸುವುದಾದರೆ ಬುಷ್ ಮೇಲಿನ ಗುರುತು ಬ್ರಾಕೆಟ್ ಗುರುತಿಗೆ ಸರಿಯಾಗಿ ಬರಬೇಕು. ಆರ್ಮಿನ ತುದಿ ಆರು ಮೂಲೆಯದು. ಕೋನ ತಪ್ಪಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಕೆಲಸ ಮನೆಯಲ್ಲಿ ಮಾಡಬಹುದು. ಜ್ಯಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಲಾಲಿಪಾಪ್ ಬಾಡಿಗೆ ಎರಡು ಬೋಲ್ಟ್‌ನಲ್ಲಿ ನಿಂತಿದೆ. ಉಪ್ಪಿಗೆ ತುಕ್ಕು ಹಿಡಿದಿರುತ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೋಲ್ಟ್ ಬಿಚ್ಚಿ, ಪುಲ್ಲರ್ (ಎಳೆದು ತೆಗೆಯುವ ಸಾಧನ) ಹಾಕಿ ಎಳೆದರೆ ಲಾಲಿಪಾಪ್ ಆರ್ಮಿನಿಂದ ಹೊರಬರುತ್ತದೆ. ಬಾಲ್ ಜಾಯಿಂಟ್ ಬಿಚ್ಚುವ ಅಗತ್ಯವಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ: ಹೊಸ ರಬ್ಬರ್ ಬುಷ್‌ಗೆ ಗ್ರೀಸ್, ಇಂಜಿನ್ ಆಯಿಲ್ ಹಚ್ಚಲೇಬಾರದು, ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಸೋಪು ಒಣಗಿದರೆ ರಬ್ಬರ್ ಆರ್ಮನ್ನು ಹಿಡಿದುಕೊಳ್ಳುತ್ತದೆ, ಅದು ಒಣಗುವ ಮೊದಲೇ ಕಾರು ಚಕ್ರದ ಮೇಲೆ ನಿಲ್ಲಬೇಕು. ಸುಮಾರು ಅರ್ಧ ಗಂಟೆ ಟೈಮ್ ಇದೆ ಅಂದುಕೊಳ್ಳಿ. ಲಾಲಿಪಾಪನ್ನು ಆರ್ಮಿನ ತುದಿಗೆ ತಳ್ಳಿ, ಬೋಲ್ಟ್ ಕೂರಿಸಿ, 59 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ಇನ್ನೊಂದು ಕಡೆಯದನ್ನೂ ಮುಗಿಸಿ ಕೆಳಗಿಳಿಸಿ. ಆಗ ಬುಷ್ ತನ್ನ ಸರಿಯಾದ ಜಾಗಕ್ಕೆ ಬಂದು ಕೂರುತ್ತದೆ. ಒಂದು ಕಡೆ ಹಾಕಿ ಊಟಕ್ಕೆ ಎದ್ದು ಹೋಗಬೇಡಿ. ಪಾಲಿ ಬುಷ್ ಹಾಕುವುದಾದರೆ ಈ ಸೋಪಿನ ನಿಯಮವಿಲ್ಲ, ಅದರ ಜೊತೆ ಬಂದ ಗ್ರೀಸನ್ನೇ ಹಚ್ಚಬೇಕು.

ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವ ಕೆಲಸ, ಮಾಡಿಸಿ. ಹಳೆಯ ಬುಷ್‌ನಲ್ಲಿ ಸರಿಯಾಗಿದ್ದ ಟೋ ಹೊಸದರಲ್ಲಿ ಸರಿ ಇರುತ್ತದೆ ಅನ್ನುವ ಭರವಸೆಯಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಪೋಲೊ ಜಿಟಿ ಟಿಎಸ್‌ಐ ಇದೆ. ಲೋವರ್ ಆರ್ಮ್ ಬುಷ್ ಬದಲಿಸಿ ಸ್ವಲ್ಪ ದಿನಕ್ಕೇ ಮತ್ತೆ ಟಕ್ ಟಕ್ ಶಬ್ದ. ಬುಷ್ ಡೂಪ್ಲಿಕೇಟ್ ಇರಬಹುದಾ?

ಉತ್ತರ: ಇರಬಹುದು. ಅದಕ್ಕಿಂತ ಮೊದಲು ಒಂದು ವಿಷಯ ಕೇಳಿ: ಅಡ್ಡ ಬೋಲ್ಟ್ ಹಾದುಹೋಗುವ ಬುಷ್‌ನ ಬೋಲ್ಟನ್ನು ಕಾರು ಲಿಫ್ಟ್ ಮೇಲೆ, ಚಕ್ರ ಜೋತುಬಿದ್ದಾಗಲೇ ಪೂರ್ತಿ ಬಿಗಿ ಮಾಡಿದರಾ? ಹಾಗೆ ಮಾಡಿದರೆ ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ. ಇಲ್ಲಿಯ ಗುಂಡಿ, ಹಂಪುಗಳಲ್ಲಿ ಅದು ಬಾಳುವುದಿಲ್ಲ. ಕೈಬಿಗಿ ಮಾತ್ರ ಮಾಡಿ, ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆ ಟಾರ್ಕ್ ರೆಂಚಿನಲ್ಲಿ ಪೂರ್ತಿ ಬಿಗಿ ಮಾಡಲು ಹೇಳಿ. ಬುಷ್ ಇನ್ನೂ ಸೀಳಿಲ್ಲದಿದ್ದರೆ ಬೋಲ್ಟ್ ಸಡಿಲಿಸಿ ಹೀಗೆ ಮತ್ತೆ ಬಿಗಿ ಮಾಡಿಸಿ ನೋಡಿ, ಹೊಸದು ಕೊಳ್ಳುವ ಖರ್ಚು ಉಳಿದರೂ ಉಳಿಯಬಹುದು. ಆಮೇಲೂ ಶಬ್ದ ಹೋಗದಿದ್ದರೆ ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಕಂಬಿಯ ಕೊಂಡಿ) ಚೆಕ್ ಮಾಡಿಸಿ, ಅದರದ್ದೂ ಇದೇ ತರಹದ ಶಬ್ದ.